ರೋಗಿ ಮಗುವಿನ ತಾಯಿ: ಗೇರುಗುಡ್ಡಗಳ ಒಂದು ಇತಿಹಾಸ

ಧರ್ಮಕೇಂದ್ರವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯಹೊರಟವನು ಮೊದಲು ತೆರೆಯುವುದು ಹಳೆಯ ದಫ್ತರಗಳನ್ನು. ಜ್ಞಾನಸ್ನಾನದ ದಫ್ತರ, ವಿವಾಹದ ದಫ್ತರ, ಮರಣದ ದಫ್ತರ ಈ ಮೂರನ್ನೂ ಪ್ರತಿ ಧರ್ಮಕೇಂದ್ರವೂ ಇಡತಕ್ಕದ್ದೆಂದು ಧರ್ಮಸಭೆಯ ಕಾನೂನು ವಿಧಿಸಿದೆ. ಒಂದು ಮಗುವಿನ ಹೆಸರು ಮೊದಲನೆಯ ದಫ್ತರದಲ್ಲಿ ಬರುತ್ತದೆ. ಎರಡನೆಯದರಲ್ಲಿ ಎಲ್ಲಿಯೂ ಸಿಗುವುದಿಲ್ಲ. ಇಪ್ಪತ್ತೋ ಮೂವತ್ತೋ ವರ್ಷಗಳ ತರುವಾಯ ಮೂರನೆಯದರಲ್ಲಿ ಒಂದು ಸಾಲಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ನಡುವಿನ ಆ ವರ್ಷಗಳಲ್ಲಿ ಯಾರೋ ಒಬ್ಬಾಕೆ ಅದನ್ನು ಎತ್ತಿ ಕೂರಿಸಿದಳು, ತುತ್ತು ತಿನ್ನಿಸಿದಳು, ತೊಳೆದಳು, ರಾತ್ರಿಯೆಲ್ಲ ಅದರ ಉಸಿರಿಗೆ ಕಿವಿಗೊಟ್ಟು ಮಲಗಿದಳು. ಅದನ್ನು ಬರೆಯಲು ಯಾವ ದಫ್ತರದಲ್ಲಿಯೂ ಕಾಲಮು ಇಲ್ಲ.

ನಮ್ಮ ದೇವಾಲಯದ ಕಟ್ಟಡ, ಗಂಟೆ, ಶಾಲೆ, ಸೇವೆ ಸಲ್ಲಿಸಿದ ಗುರುಗಳು ಇವುಗಳ ವಿಷಯವಾಗಿ ಈ ಸಂಚಿಕೆಯಲ್ಲಿ ಬಲ್ಲವರು ಬರೆಯುತ್ತಾರೆ. ಆ ಇಲ್ಲದ ಕಾಲಮಿನಲ್ಲಿ ಏನು ಬರೆಯಬಹುದಾಗಿತ್ತು ಎಂಬುದನ್ನು ನಮ್ಮ ಕನ್ನಡದ ಜನರಲ್ಲಿಯೇ ನಡೆದ ಒಂದು ಘಟನಾವಳಿಯ ಮೂಲಕ ವಾಚಕರ ಮುಂದಿಡಲು ನಾನು ಇಚ್ಛಿಸುತ್ತೇನೆ. ಕಾಸರಗೋಡಿನ ಗೇರುಗುಡ್ಡಗಳ ಅಡಿಯಲ್ಲಿಯೂ, ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಮುತ್ತಲೂ ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಿಂಪಡಣೆ ನಡೆದ ಊರುಗಳಲ್ಲಿ ಜೀವಮಾನವಿಡೀ ರೋಗಿಗಳಾದ ಮಕ್ಕಳನ್ನು ಸಾಕಿದ ತಾಯಂದಿರ ಇತಿಹಾಸವಿದು.

ಹುಬ್ಬಳ್ಳಿ-ಧಾರವಾಡದ ವಿಶ್ವಾಸಿಗಳಿಗೆ ಕಾಸರಗೋಡೇಕೆ ಎಂದು ಕೇಳಬಹುದು. ರೈಲ್ವೆಯ ನೌಕರಿಗಾಗಿಯೂ ವ್ಯಾಪಾರಕ್ಕಾಗಿಯೂ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕುಟುಂಬಗಳು ನಮ್ಮ ನಡುವೆ ಸಾಕಷ್ಟಿವೆ. ಅವರಿಗೆ ಆ ಊರುಗಳು ತವರಿನ ನೆರೆಹೊರೆ. ಇನ್ನೊಂದು ಕಾರಣ ನಮ್ಮ ಎರೆಹೊಲಗಳಲ್ಲಿಯೇ ಇದೆ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ 'ವರಲಕ್ಷ್ಮಿ' ಎಂಬ ಸಂಕರ ಹತ್ತಿ ರೂಪುಗೊಂಡಿತು. 1981ರಲ್ಲಿ 'ಜಯಲಕ್ಷ್ಮಿ', ಅಂದರೆ ನಮ್ಮ ರೈತರು ಡಿ.ಸಿ.ಎಚ್. ಎಂದು ಕರೆಯುವ ತಳಿ ಬಂತು. ಇಳುವರಿ ಹೆಚ್ಚಿತು, ಹುಬ್ಬಳ್ಳಿಯ ಪೇಟೆ ತುಂಬಿತು, ಅದರೊಡನೆ ಕಾಯಿಕೊರಕ ಹುಳವೂ ಹೆಚ್ಚಿತು. ಹತ್ತಿಗೂ ತೊಗರಿಗೂ ನಮ್ಮ ರೈತರು ಹೊಡೆದ 'ಎಣ್ಣಿ'ಗಳಲ್ಲಿ ಎಂಡೋಸಲ್ಫಾನ್ ಮುಖ್ಯವಾದದ್ದು. ಆ ತಗಡಿನ ಡಬ್ಬಿಯನ್ನು ಕಂಡಿರದ ಒಕ್ಕಲುತನದ ಮನೆ ನಮ್ಮ ಸೀಮೆಯಲ್ಲಿ ಅಪರೂಪ. ನಮ್ಮಲ್ಲಿ ರೈತನು ಬೆನ್ನಿಗೆ ಪಂಪು ಕಟ್ಟಿಕೊಂಡು ತನ್ನ ಹೊಲಕ್ಕೆ ಹೊಡೆದನು. ಅಲ್ಲಿ ಸರಕಾರದ ನಿಗಮವು ಹೆಲಿಕಾಪ್ಟರಿನಿಂದ ಊರ ಮೇಲೆಯೇ ಹೊಡೆಯಿಸಿತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿನ ಗುಡ್ಡಗಳ ಮೇಲಿನ ಸರಕಾರಿ ಗೇರುತೋಪುಗಳು 1978ರಲ್ಲಿ ಕೇರಳದ ಪ್ಲಾಂಟೇಶನ್ ನಿಗಮದ ಕೈಗೆ ಬಂದವು. ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಎಂಡೋಸಲ್ಫಾನನ್ನು ವರ್ಷಕ್ಕೆ ಎರಡು ಮೂರು ಬಾರಿ ಆಕಾಶದಿಂದ ಸುರಿಯುವ ಕ್ರಮ ಆರಂಭವಾಗಿ ಸುಮಾರು 2000ನೇ ಇಸವಿಯವರೆಗೆ ನಡೆಯಿತು. ತೋಪುಗಳು ಗುಡ್ಡದ ನೆತ್ತಿಯಲ್ಲಿ. ಮನೆ, ಶಾಲೆ, ಅಡಿಕೆತೋಟಗಳು ಕೆಳಗಿನ ಕಣಿವೆಯಲ್ಲಿ. ಅಲ್ಲಿಯ ಜನ ನೀರಿಗಾಗಿ ಗುಡ್ಡದ ಒಡಲಿಗೆ ಅಡ್ಡಲಾಗಿ ಸುರಂಗ ಕೊರೆಯುತ್ತಾರೆ. ಅದರ ಬಾಯಿಂದ ಹರಿದು ಬರುವ ನೀರು ಹೊಂಡದಲ್ಲಿ ನಿಂತು ಮನೆ ಸೇರುತ್ತದೆ. ಸಿಂಪಡಣೆಯ ದಿನ ಬಾವಿಗಳನ್ನು ಮುಚ್ಚಿಕೊಳ್ಳಿರೆಂದು ಸೂಚನೆ ಕೊಡುವುದಿತ್ತಂತೆ. ಬಾವಿಗೆ ಮುಚ್ಚಳ ಹಾಕಬಹುದು. ಇಡೀ ಗುಡ್ಡಕ್ಕೆ ಮುಚ್ಚಳ ಹಾಕುವವರು ಯಾರು?

ಮೊದಲು ಕಣ್ಣಿಗೆ ಬಿದ್ದದ್ದು ದನಕರುಗಳು. 1979ರ ಹೊತ್ತಿಗೆ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಒಬ್ಬ ಕೃಷಿಕರ ಕೊಟ್ಟಿಗೆಯಲ್ಲಿ ಸೊಟ್ಟ ಕಾಲಿನ ಕರುಗಳು ಹುಟ್ಟಿದವು. ಅದೇ ಊರಿನವರಾದ ಕೃಷಿಕ-ಪತ್ರಕರ್ತ ಶ್ರೀಪಡ್ರೆಯವರು ಗೇರುತೋಪಿನ ವಿಷದ ಬಗ್ಗೆ ಅಂದಿನಿಂದಲೇ ಬರೆಯತೊಡಗಿದರು. ಪಡ್ರೆಯ ವಾಣೀನಗರದಲ್ಲಿ ವೃತ್ತಿ ಆರಂಭಿಸಿದ ಡಾ. ವೈ. ಎಸ್. ಮೋಹನ ಕುಮಾರರು ಇನ್ನೊಂದು ಸಂಗತಿಯನ್ನು ಗಮನಿಸಿದರು. ಬುದ್ಧಿಮಾಂದ್ಯತೆ, ಮೂರ್ಛೆರೋಗ, ಹುಟ್ಟಿನಿಂದ ಬಂದ ಅಂಗವಿಕಲತೆ, ಕ್ಯಾನ್ಸರ್ ಇವೆಲ್ಲ ಒಂದೇ ತೋಡಿನ ಆಸುಪಾಸಿನ ಮನೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದ್ದವು. ತೊಂಬತ್ತರ ದಶಕದಲ್ಲಿ ಅವರು ಇದನ್ನು ವೈದ್ಯ ಬಾಂಧವರ ಗಮನಕ್ಕೆ ತಂದರು. ಆ ಹಳ್ಳಿಯ ಹೆಸರು ಸ್ವರ್ಗ. ಈ ಮಾತನ್ನು ಬರೆದವರೆಲ್ಲರೂ ಒಮ್ಮೆ ನಿಂತು ಮುಂದೆ ಹೋಗಿದ್ದಾರೆ. ನಾನೂ ಹಾಗೆಯೇ ಮಾಡುತ್ತೇನೆ.

ಈಗ ತಾಯಂದಿರ ವಿಷಯಕ್ಕೆ ಬರೋಣ. ಕೀಟನಾಶಕದ ಹೆಸರನ್ನು ಯಾರೂ ಎತ್ತುವ ಮುಂಚಿನ ಆ ಇಪ್ಪತ್ತು ವರ್ಷ ಅವರು ಯಾವ ಉತ್ತರವನ್ನು ನಂಬಿ ಬದುಕಿದರು? ಊರಿನ ಗುಡ್ಡದ ದೈವ ಜಟಾಧಾರಿ. ಅದರ ಮುನಿಸಿನಿಂದಲೇ ಇಂಥ ಮಕ್ಕಳು ಹುಟ್ಟುತ್ತಿವೆಯೆಂದು ಹಲವರು ನಂಬಿದ್ದರು. ಹರಕೆ ಹೊತ್ತರು, ಪ್ರಶ್ನೆಯಿಡಿಸಿದರು, ಪರಿಹಾರ ಮಾಡಿಸಿದರು. ಇದನ್ನು ಓದಿ ನಾವು ನಗುವಂತಿಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಯೇಸುಸ್ವಾಮಿಯನ್ನು ಕೇಳಿದ್ದನ್ನು ಸಂತ ಯೊವಾನ್ನನು ಬರೆದಿಟ್ಟಿದ್ದಾನೆ. ಸ್ವಾಮಿಯು ಆ ಪ್ರಶ್ನೆಯನ್ನೇ ತಳ್ಳಿಹಾಕಿದ್ದೂ ಅಲ್ಲಿಯೇ ಇದೆ. ಆದರೂ ಎರಡು ಸಾವಿರ ವರ್ಷಗಳಿಂದ ಎಲ್ಲ ಮತದ ಎಲ್ಲ ಊರುಗಳ ಜನ ಆ ಪ್ರಶ್ನೆಯನ್ನು ಕೇಳುತ್ತಲೇ ಇದ್ದಾರೆ. ತೊಟ್ಟಿಲಿನ ಬಳಿ ಬಂದು ಕೇಳುವುದರಿಂದ ಅದು ನೇರವಾಗಿ ತಾಯಿಗೇ ತಾಗುತ್ತದೆ. ಬಸುರಿಯಿದ್ದಾಗ ಏನು ತಿಂದೆ, ಗ್ರಹಣದ ದಿನ ಹೊರಗೆ ಹೋಗಿದ್ದೆಯಾ, ನಿನ್ನ ತವರಿನಲ್ಲಿ ಇಂಥವರು ಇದ್ದರೇ ಎಂದು ಅವಳನ್ನೇ ವಿಚಾರಿಸುತ್ತಾರೆ. ಗಂಡನ ಮನೆಯವರು ಕೇಳದೆ ಬಿಟ್ಟರೂ ಅವಳು ತನ್ನನ್ನು ತಾನೇ ಕೇಳಿಕೊಳ್ಳುತ್ತಾಳೆ.

ತಲೆಯಲ್ಲಿ ನೀರು ತುಂಬಿ ಕತ್ತು ಎತ್ತಲಾಗದ ಮಗು; ಕೈಕಾಲುಗಳು ಸೆಟೆದು ಮಡಚಲು ಬಾರದ ಮಗು; ದಿನಕ್ಕೆ ಹಲವು ಬಾರಿ ಮೂರ್ಛೆ ಬರುವ ಮಗು; ವಯಸ್ಸು ಇಪ್ಪತ್ತಾದರೂ ಕೂಸಿನಂತೆ ಅಳುವ ಮಗ. ಇವರ ಆರೈಕೆಯೆಂದರೆ ಏನೆಂಬುದು ಆ ಊರುಗಳ ತಾಯಂದಿರು ಪತ್ರಕರ್ತರಿಗೂ ಆಯೋಗಗಳಿಗೂ ಹೇಳಿದ ಮಾತುಗಳಿಂದ ತಿಳಿಯುತ್ತದೆ. ಮೊದಲ ಶುಕ್ರವಾರಗಳಂದು ರೋಗಿಗಳಿಗೆ ಪರಮಪ್ರಸಾದ ಒಯ್ಯುವ ಯಾವ ಗುರುವಿಗೂ ಅದು ಹೊಸದಲ್ಲ. ಗಂಜಿಯನ್ನು ತೆಳ್ಳಗೆ ಮಾಡಿ ಚಮಚದಿಂದ ಇಳಿಸುವುದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಅವಸರ ಮಾಡಿದರೆ ನೆತ್ತಿಗೆ ಹತ್ತಿ ಶ್ವಾಸಕೋಶಕ್ಕೆ ಹೋಗುತ್ತದೆ. ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ಮಾತು ಬಾರದ ಮಗುವಿನ ಅಳು ಹಸಿವಿನದೋ ನೋವಿನದೋ ಇರುವೆ ಕಚ್ಚಿದ್ದೋ ಎಂದು ಪ್ರತಿ ಸಲವೂ ಊಹಿಸಬೇಕು. ಎರಡು ವರ್ಷದ ಮಗುವಿಗೆ ಇದನ್ನೆಲ್ಲ ಮಾಡುವ ತಾಯಿಗೆ ಇಪ್ಪತ್ತೈದು ವಯಸ್ಸು. ಮಗನಿಗೆ ಮೂವತ್ತಾಗಿ ಮೈ ಭಾರವಾದಾಗ ಅವಳಿಗೆ ಐವತ್ತು ದಾಟಿರುತ್ತದೆ. ಬೆಳೆದ ಮಗಳಾದರೆ ತಿಂಗಳ ದಿನಗಳ ಕಷ್ಟವೂ, ಒಬ್ಬಳನ್ನೇ ಬಿಟ್ಟು ಹೋದರೆ ಏನಾದೀತೆಂಬ ಭಯವೂ ಜೊತೆಗೂಡುತ್ತವೆ.

ದೇಹದ ಈ ದಣಿವನ್ನು ಯಾರಾದರೂ ಕಣ್ಣಾರೆ ಕಂಡಾರು. ಅದರ ಹಿಂದಿರುವುದನ್ನು ಕಾಣುವವರು ಕಡಿಮೆ. ಮದುವೆ, ನಾಮಕರಣ, ಜಾತ್ರೆ, ಹಬ್ಬಗಳಿಗೆ ಹೋಗುವುದು ಮೊದಲು ಕಡಿಮೆಯಾಗಿ ಆಮೇಲೆ ನಿಂತುಹೋಗುತ್ತದೆ. ಕರೆದರೂ ಬರುವುದಿಲ್ಲವೆಂದು ಜನ ಕರೆಯುವುದನ್ನೂ ಬಿಡುತ್ತಾರೆ. ಅಂಥ ಊರಿನಿಂದ ಹೆಣ್ಣು ತರಲೂ ಅಂಥ ಊರಿಗೆ ಹೆಣ್ಣು ಕೊಡಲೂ ಹಿಂದೆ ಮುಂದೆ ನೋಡುವುದರಿಂದ ಆರೋಗ್ಯವಂತರಾದ ಅಣ್ಣತಂಗಿಯರ ಸಂಬಂಧಗಳೂ ತಪ್ಪುತ್ತವೆ. ಅದರ ಭಾರವೂ ತಾಯಿಯ ಮೇಲೆಯೇ. ಆರೋಗ್ಯವಂತ ಮಗುವಿಗೆ ಅವಳ ಮಡಿಲು ಸಿಗುವುದಿಲ್ಲ. ಅದು ಕೇಳುವುದೂ ಇಲ್ಲ, ಚಿಕ್ಕಂದಿನಲ್ಲೇ ದೊಡ್ಡವನಾಗಿಬಿಡುತ್ತದೆ. ಮನೆ ಬಿಟ್ಟುಹೋದ ಗಂಡಸರಿದ್ದಾರೆ. ಹಾಗೆ ಹೋಗದೆ, ಇಡೀ ದಿನ ಕೂಲಿ ಮಾಡಿ ರಾತ್ರಿ ಮಗನನ್ನು ಹೆಗಲ ಮೇಲೆ ಹೊತ್ತು ಅಂಗಳದಲ್ಲಿ ಅಡ್ಡಾಡಿಸಿ ಮಲಗಿಸಿದ ತಂದೆಯರೂ ಇದ್ದಾರೆ; ಈ ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು.

1962ರಲ್ಲಿ ಅಮೆರಿಕದ ಸೈಮನ್ ಓಲ್ಷಾನ್ಸ್ಕಿ ಎಂಬವರು ಬುದ್ಧಿಮಾಂದ್ಯ ಮಕ್ಕಳ ತಂದೆತಾಯಿಗಳ ವಿಷಯವಾಗಿ ಒಂದು ಲೇಖನ ಬರೆದರು. ಸತ್ತವರಿಗಾಗಿ ಪಡುವ ದುಃಖ ಕಾಲಕ್ರಮದಲ್ಲಿ ತಗ್ಗುತ್ತದೆ. ಇಂಥ ಮಗುವಿನ ತಂದೆತಾಯಿಗಳ ದುಃಖ ಆ ಮಗು ಬದುಕಿರುವವರೆಗೂ ಇರುತ್ತದೆ, ಅದು ರೋಗವೂ ಅಲ್ಲ, ದೌರ್ಬಲ್ಯವೂ ಅಲ್ಲ, ಸಹಜವಾದದ್ದು ಎಂಬುದು ಅವರ ವಾದ. 'ಇದ್ದದ್ದನ್ನು ಒಪ್ಪಿಕೊಳ್ಳಿ' ಎಂದು ವೈದ್ಯರೂ ಸಮಾಜಸೇವಕರೂ ಅವರನ್ನು ಒತ್ತಾಯಿಸುವುದು ತಪ್ಪೆಂದೂ ಅವರು ಬರೆದರು. ಓಲ್ಷಾನ್ಸ್ಕಿ ಅದಕ್ಕಿಟ್ಟ ಹೆಸರನ್ನು ನಾವು ಬಿಡದ ಶೋಕ ಎನ್ನಬಹುದು. ಓರಗೆಯ ಮಕ್ಕಳು ಶಾಲೆಗೆ ಸೇರುವ ದಿನ, ಪರಮಪ್ರಸಾದವನ್ನು ಮೊದಲ ಬಾರಿ ಸ್ವೀಕರಿಸುವ ದಿನ, ಮದುವೆಯಾಗುವ ದಿನ ಆ ಶೋಕ ಹೊಸದಾಗಿಯೇ ಬರುತ್ತದೆ. ಕಾಸರಗೋಡಿನ ಬದಿಯಡ್ಕದ ಸಮೀಪ ಬೇಳ ಎಂಬಲ್ಲಿ 1890ರಲ್ಲಿ ಕಟ್ಟಿದ, ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ಪುರಾತನ ದೇವಾಲಯವಿದೆ. ಶೋಕಮಾತೆಯ ಹೆಸರಿನ ದೇವಾಲಯವದು. ಸಿಂಪಡಣೆಗೆ ಒಳಗಾದವೆಂದು ಕೇರಳ ಸರಕಾರವು ಗುರುತಿಸಿದ ಹನ್ನೊಂದು ಪಂಚಾಯಿತಿಗಳಲ್ಲಿ ಬದಿಯಡ್ಕವೂ ಒಂದು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ಮುಳಿಯಾರುಗಳೂ ಅವುಗಳಲ್ಲಿ ಸೇರಿವೆ. ಏಳು ಖಡ್ಗಗಳು ಎದೆಗೆ ನಾಟಿದ ಆ ಮಾತೆಯ ಚಿತ್ರವನ್ನು ನಾವು ನಮ್ಮ ದೇವಾಲಯಗಳಲ್ಲಿ ನೋಡುತ್ತ ಬಂದಿದ್ದೇವೆ. ಖಡ್ಗಗಳನ್ನು ಕಿತ್ತುಕೋ ಎಂದು ಯಾರೂ ಅವಳಿಗೆ ಉಪದೇಶಿಸಿದ್ದಿಲ್ಲ.

2000ನೇ ಇಸವಿಯ ನಂತರ ಕಾರಣದ ಹೆಸರು ಬಯಲಾಯಿತು. ಪೆರಿಯದ ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ನೌಕರರು ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪಡಣೆಗೆ 2000ದ ಅಕ್ಟೋಬರಿನಲ್ಲಿ ತಡೆ ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಜನರ ರಕ್ತಗಳನ್ನು ಪರೀಕ್ಷಿಸಿ ವಿಷದ ಶೇಷವನ್ನು ತೋರಿಸಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಮಕ್ಕಳನ್ನು ಸಿಂಪಡಣೆಯಿಲ್ಲದ ಬೇರೊಂದು ಊರಿನ ಮಕ್ಕಳೊಡನೆ ಹೋಲಿಸಿದರು. ಹುಟ್ಟು ಅಂಗವೈಕಲ್ಯಗಳೂ ಕಲಿಕೆಯ ತೊಂದರೆಗಳೂ ಪಡ್ರೆಯಲ್ಲಿ ಹೆಚ್ಚೆಂದು ಅವರು ವರದಿ ಮಾಡಿದರು. ಸಿಂಪಡಣೆಗೆ ಒಳಗಾದ 117 ಹುಡುಗರಲ್ಲಿ ಪ್ರಾಯದ ಬೆಳವಣಿಗೆ ಇತರ 90 ಹುಡುಗರಿಗಿಂತ ತಡವಾಗಿರುವುದನ್ನು 2003ರಲ್ಲಿ ಪ್ರಕಟಿಸಿದರು. ಆಮೇಲೆ ಸಮಿತಿಯ ಮೇಲೆ ಸಮಿತಿ ಬಂತು. ಒಂದು ದೋಷವಿದೆಯೆಂದರೆ ಇನ್ನೊಂದು ಇಲ್ಲವೆಂದಿತು. ಈ ಎಲ್ಲ ಕಾಯಿಲೆಗಳಿಗೂ ಎಂಡೋಸಲ್ಫಾನೇ ಕಾರಣವೆಂದು ಹೇಳಲಾಗದೆಂಬ ಕೃಷಿ ವಿಜ್ಞಾನಿಗಳು ಇಂದಿಗೂ ಇದ್ದಾರೆ. ಒಂದೊಂದು ಮಗುವಿನ ಒಂದೊಂದು ರೋಗಕ್ಕೆ ಇದೇ ಕಾರಣವೆಂದು ತೋರಿಸುವುದು ಕಷ್ಟವೆಂಬುದು ನಿಜವೇ. ಆದರೆ ವಿಷವೆಂದು ಡಬ್ಬಿಯ ಮೇಲೆಯೇ ಬರೆದಿರುವ ದ್ರವವನ್ನು ಇಪ್ಪತ್ತು ವರ್ಷ ಜನರ ನೀರಿನ ಮೇಲೆ ಸುರಿದವರು ತಮ್ಮ ನಿರಪರಾಧವನ್ನು ತಾವೇ ಸಿದ್ಧಪಡಿಸಬೇಕು, ತೊಟ್ಟಿಲು ತೂಗುವವಳು ಸಾಕ್ಷ್ಯ ತರುವುದಲ್ಲ ಎಂಬುದು ನನ್ನ ಅಭಿಪ್ರಾಯ.

ಕಾರಣ ತಿಳಿದದ್ದರಿಂದ ತಾಯಂದಿರಿಗೆ ಏನಾಯಿತು? ಶಾಪದ ಭಾರ ಇಳಿಯಿತು. ದೈವದ ಮುನಿಸಲ್ಲ, ನನ್ನ ಪಾಪವಲ್ಲ, ಹೊರಗಿನಿಂದ ಬಂದ ವಿಷ ಎಂದು ಹೇಳುವ ಧೈರ್ಯ ಬಂತು. ಅದುವರೆಗೆ ಒಳಕೋಣೆಯಲ್ಲಿ ಇಟ್ಟುಕೊಂಡಿದ್ದ ಮಕ್ಕಳನ್ನು ಹೊತ್ತು ಅವರು ಬೀದಿಗೆ ಬಂದರು. ಆದರೆ ಅದರ ಬೆನ್ನಿಗೇ ಬೇರೊಂದು ಸಂಕಟ ಬಂತು. ವಿಷ ನೀರಿನಲ್ಲಿತ್ತು, ಆ ನೀರನ್ನು ಸುರಂಗದಿಂದ ತಂದವಳು ಯಾರು? ವಿಷ ಎದೆಹಾಲಿನಲ್ಲಿಯೂ ಇರಬಹುದೆಂದರು, ಹಾಲೂಡಿದವಳು ಯಾರು? ಶಾಪವಾಗಿದ್ದರೆ ಹರಕೆ ಹೊತ್ತು ತೀರಿಸಬಹುದಿತ್ತು. ಗುಟುಕು ಗುಟುಕಾಗಿ ತಾನೇ ಕುಡಿಸಿದ ಹಾಲನ್ನು ಹಿಂದಕ್ಕೆ ಪಡೆಯುವ ಹರಕೆ ಇಲ್ಲ. ತಪ್ಪು ತನ್ನದಲ್ಲವೆಂದು ಬುದ್ಧಿ ಒಪ್ಪಿದರೂ ಕೈ ಒಪ್ಪುವುದಿಲ್ಲ.

ಜಪಾನಿನ ಮಿನಮಾತ ಎಂಬ ಮೀನುಗಾರರ ಪಟ್ಟಣದಲ್ಲಿ ಇಂಥದೇ ಸಂಗತಿ ಮೊದಲೇ ನಡೆದಿತ್ತು. ಅಲ್ಲಿ ಕಾರ್ಖಾನೆಯೊಂದು ಪಾದರಸವನ್ನು ಸಮುದ್ರಕ್ಕೆ ಬಿಟ್ಟಿತು. 1956ರಲ್ಲಿ ರೋಗವು ಅಧಿಕೃತವಾಗಿ ಗುರುತಿಸಲ್ಪಟ್ಟಿತು. ಮೀನು ತಿಂದ ತಾಯಂದಿರು ಆರೋಗ್ಯವಾಗಿದ್ದು, ಗರ್ಭದಲ್ಲಿದ್ದ ಶಿಶುಗಳು ವಿಷವನ್ನು ಹೀರಿಕೊಂಡು ಹುಟ್ಟಿದವು. ಅಂಥ ಒಬ್ಬ ಮಗಳನ್ನು ಮನೆಯವರು ನಿಧಿ ಎಂಬರ್ಥದ ಮಾತಿನಿಂದ ಕರೆಯುತ್ತಿದ್ದರಂತೆ: ಅವಳು ತಾಯಿಯ ಮೈಯ ವಿಷವನ್ನೆಲ್ಲ ತಾನೊಬ್ಬಳೇ ಹೀರಿಕೊಂಡದ್ದರಿಂದ ತಾಯಿಯೂ ಆಮೇಲೆ ಹುಟ್ಟಿದ ಒಡಹುಟ್ಟಿದವರೂ ಉಳಿದರೆಂದು. 1971ರಲ್ಲಿ ಯೂಜೀನ್ ಸ್ಮಿತ್ ಎಂಬ ಅಮೆರಿಕದ ಛಾಯಾಗ್ರಾಹಕರು ಆ ತಾಯಿಯು ಮಗಳನ್ನು ಎತ್ತಿಕೊಂಡು ಸ್ನಾನ ಮಾಡಿಸುವ ಚಿತ್ರವನ್ನು ತೆಗೆದರು. ನಮ್ಮ ಶೋಕಮಾತೆಯ ಮಡಿಲಿನ ಚಿತ್ರವನ್ನು ನೆನಪಿಸುವ ಆ ಛಾಯಾಚಿತ್ರ ಜಗತ್ತಿನ ಮನಸ್ಸನ್ನು ಕಲಕಿತು. ಮಗಳು ತೀರಿಹೋದ ಎಷ್ಟೋ ವರ್ಷಗಳ ನಂತರ, ಅವಳು ಇನ್ನಾದರೂ ವಿಶ್ರಮಿಸಲಿ ಎಂದು ತಂದೆತಾಯಿ ಬಯಸಿದ್ದರಿಂದ ಆ ಚಿತ್ರದ ಪ್ರಕಟಣೆಯನ್ನು ನಿಲ್ಲಿಸಲಾಯಿತು. ಕಾಸರಗೋಡಿನಲ್ಲಿಯೂ ಕ್ಯಾಮರಾಗಳು ಬಂದವು. ಅವು ಬಾರದಿದ್ದರೆ ದೇಶಕ್ಕೆ ವಿಷಯ ತಿಳಿಯುತ್ತಿರಲಿಲ್ಲ. ಆದರೆ ಬಂದವರೆಲ್ಲ ಹಾಸಿಗೆಯ ಬಳಿ ನಿಂತು ಚಿತ್ರ ತೆಗೆದು ಹೊರಟ ಮೇಲೆ ಮಗುವಿನ ಮೈಮೇಲೆ ಬಟ್ಟೆಯನ್ನು ಸರಿಪಡಿಸುವವಳ ಮನಸ್ಸಿಗೆ ಏನನ್ನಿಸಿರಬೇಕು? ಭೇಟಿ ಕೊಡುವ ನಮ್ಮ ಸಂಘಗಳವರೂ ಇದನ್ನು ಸ್ವಲ್ಪ ಯೋಚಿಸಿದರೆ ಒಳಿತು.

ಇನ್ನು ಕಾಗದಪತ್ರಗಳ ಇತಿಹಾಸ. 2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು, ಸತ್ತವರ ಕುಟುಂಬಕ್ಕೂ ಪೂರ್ಣವಾಗಿ ಹಾಸಿಗೆ ಹಿಡಿದವರಿಗೂ 5 ಲಕ್ಷ ರೂಪಾಯಿ, ಉಳಿದ ಅಂಗವಿಕಲರಿಗೆ 3 ಲಕ್ಷ ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಕೂಡಿದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಜಗತ್ತಿನಿಂದ ತೆಗೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದರ ಉತ್ಪಾದನೆ, ಮಾರಾಟಗಳನ್ನು ತಡೆಯಿತು. ಕರ್ನಾಟಕ ಸರಕಾರವು ಫೆಬ್ರವರಿಯಲ್ಲಿಯೇ ನಿಷೇಧ ಹಾಕಿತ್ತು. 2017ರ ಜನವರಿ 10ರಂದು ಎಲ್ಲ ಸಂತ್ರಸ್ತರಿಗೂ ಮೂರು ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಕೇರಳಕ್ಕೆ ಆಜ್ಞಾಪಿಸಿತು. ಐದು ವರ್ಷ ಕಳೆದು, 2022ರ ಮೇ 13ರಂದು ಅದೇ ನ್ಯಾಯಾಲಯ ವಿಚಾರಿಸಿದಾಗ, 3704 ಮಂದಿಯಲ್ಲಿ ಹಣ ಮುಟ್ಟಿದ್ದು 8 ಮಂದಿಗೆ ಮಾತ್ರವೆಂದು ತಿಳಿದುಬಂತು. ಆ 8 ಮಂದಿಯೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರು! 3704ರಲ್ಲಿ 102 ಮಂದಿ ಹಾಸಿಗೆಯಿಂದ ಏಳಲಾರದವರು, 326 ಮಂದಿ ಬುದ್ಧಿಮಾಂದ್ಯರು. ನ್ಯಾಯಾಲಯದ ಕಟುವಾದ ಮಾತಿನ ಮೇಲೆ ಸರಕಾರ ಬಾಕಿ ಹಣವನ್ನು ಹಂಚತೊಡಗಿತು. ಕಾದು ಕಾದು ಅಷ್ಟರಲ್ಲಿ ತೀರಿಹೋದ ಮಕ್ಕಳ ಹೆಸರುಗಳು ಯಾವುದೋ ಮರಣದ ದಫ್ತರದಲ್ಲಿರುತ್ತವೆ.

ಪಟ್ಟಿಗೆ ಹೆಸರು ಸೇರಿಸುವುದೇ ಒಂದು ಪ್ರತ್ಯೇಕ ಯಾತನೆಯಾಯಿತು. ವೈದ್ಯಕೀಯ ಶಿಬಿರಕ್ಕೆ ಮಗುವನ್ನು ಹೊತ್ತು ಹೋಗಬೇಕು, ಸಾಲಿನಲ್ಲಿ ನಿಲ್ಲಬೇಕು, ಈ ಮಗುವಿನ ರೋಗ ಎಂಡೋಸಲ್ಫಾನಿನದು ಹೌದೋ ಅಲ್ಲವೋ ಎಂದು ವೈದ್ಯರು ತೀರ್ಮಾನಿಸಬೇಕು. 2017ರ ಶಿಬಿರದ ನಂತರ ಮೊದಲು 1905 ಹೆಸರುಗಳಿದ್ದ ಪಟ್ಟಿಯನ್ನು 287ಕ್ಕೆ ಇಳಿಸಲಾಯಿತು. ತನ್ನ ಮಗು ಸಾಕಷ್ಟು ರೋಗಿಯಾಗಿದೆಯೆಂದು ತಾಯಿಯೇ ರುಜುವಾತು ಮಾಡಿ ತೋರಿಸಬೇಕಾದ ಸ್ಥಿತಿ ಎಂಥದು! 2019ರ ಜನವರಿ 30ರಂದು ತಾಯಂದಿರು ಮಕ್ಕಳೊಡನೆ ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಉಪವಾಸ ಕುಳಿತರು; ಫೆಬ್ರವರಿ 3ರಂದು ಸರಕಾರ ಮಾತುಕತೆಗೆ ಬಂದು ಬೇಡಿಕೆ ಒಪ್ಪಿದ ಮೇಲೆ ಎದ್ದರು. 2022ರ ಅಕ್ಟೋಬರಿನಲ್ಲಿ ದಯಾಬಾಯಿಯವರು ಇವರ ಪರವಾಗಿ ಅಲ್ಲಿಯೇ ಎರಡು ವಾರಕ್ಕೂ ಹೆಚ್ಚು ಕಾಲ ಉಪವಾಸ ಮಾಡಿದರು. ಕೇರಳದ ಕಥೋಲಿಕ ಮನೆತನದಲ್ಲಿ ಮರ್ಸಿ ಮ್ಯಾಥ್ಯೂ ಆಗಿ ಹುಟ್ಟಿ, ಕನ್ಯಾಮಠ ಸೇರಿ, ಅದನ್ನು ಬಿಟ್ಟು ಮಧ್ಯಪ್ರದೇಶದ ಆದಿವಾಸಿಗಳ ನಡುವೆ ಬಾಳಿದ ಆ ಮಹಿಳೆಗೆ ಆಗ ಎಂಬತ್ತರ ಆಸುಪಾಸು.

ಕರ್ನಾಟಕದ ಕಡೆಯಲ್ಲಿ ಗೇರು ಅಭಿವೃದ್ಧಿ ನಿಗಮದ ತೋಪುಗಳಿದ್ದ ಕೊಕ್ಕಡ, ಪಟ್ರಮೆ, ನಿಡ್ಲೆ ಮುಂತಾದ ಊರುಗಳಲ್ಲಿಯೂ ಎಂಬತ್ತರ ದಶಕದಿಂದ ಇದೇ ಸಿಂಪಡಣೆ ನಡೆದು ಇಂಥ ಮಕ್ಕಳು ಕಂಡುಬಂದರು. ಇಲ್ಲಿ ಹೋರಾಟ ತಡವಾಗಿ ಎದ್ದಿತು, ಮಾಸಾಶನ ಬಂತು, ಹೈಕೋರ್ಟು ಮಧ್ಯೆ ಬಂದು ಸರಕಾರವನ್ನು ಎಚ್ಚರಿಸಿತು. ಇದಕ್ಕಿಂತ ಮುಖ್ಯವೆಂದು ನನಗೆ ತೋರುವುದು ಕೊಕ್ಕಡ ಮತ್ತು ಕೊಯಿಲಗಳಲ್ಲಿ ತೆರೆದ ಪಾಲನಾ ಕೇಂದ್ರಗಳು. ಹಗಲು ಹೊತ್ತು ಮಕ್ಕಳನ್ನು ಅಲ್ಲಿ ಬಿಡಬಹುದು. ಹಣಕ್ಕಿಂತ ಮಿಗಿಲಾಗಿ ಆ ತಾಯಂದಿರಿಗೆ ಸಿಕ್ಕಿದ್ದು ಕೆಲವು ಗಂಟೆಗಳ ಹಗಲು: ಕೂಲಿಗೆ ಹೋಗಲು, ಬಟ್ಟೆ ಒಗೆಯಲು, ಸ್ವಲ್ಪ ಮಲಗಲು. ಕೇರಳದಲ್ಲಿ ಪೂರ್ಣಕಾಲ ಆರೈಕೆ ಮಾಡುವವರಿಗೇ ಪ್ರತ್ಯೇಕವಾಗಿ ಕೊಡುವ 'ಆಶ್ವಾಸಕಿರಣಂ' ಎಂಬ ಸಹಾಯವಿದೆ. ತಿಂಗಳಿಗೆ 600 ರೂಪಾಯಿ, ಅಂದರೆ ದಿನಕ್ಕೆ 20. ಮೊತ್ತ ಹಾಸ್ಯಾಸ್ಪದವಾದರೂ ಸರಕಾರದ ದಫ್ತರವೊಂದರಲ್ಲಿ ರೋಗಿಯ ಹೆಸರಿನ ಪಕ್ಕದಲ್ಲಿ ಆರೈಕೆ ಮಾಡುವವಳ ಹೆಸರಿಗೂ ಒಂದು ಕಾಲಮು ಬಂದಂತಾಯಿತು.

ಈ ದುಃಖಕ್ಕೆ ಸೋತು ಮಗುವಿನೊಡನೆ ತಾವೂ ಪ್ರಾಣ ತೊರೆದವರು ಗಡಿಯ ಎರಡೂ ಕಡೆ ಇದ್ದಾರೆ. ವಿವರಗಳು ಬೇಡ. ಅಂಥ ಸುದ್ದಿ ಬಂದಾಗಲೆಲ್ಲ 'ಎಂಥ ತಾಯಿ' ಎಂದವರನ್ನು ನಾನು ಕೇಳಿದ್ದೇನೆ. ಮೂವತ್ತು ವರ್ಷ ಒಂದು ರಾತ್ರಿಯೂ ಪೂರ್ಣ ನಿದ್ರೆ ಮಾಡದವಳ ಬಗ್ಗೆ ಆ ಮಾತನ್ನಾಡುವ ಅಧಿಕಾರ ಯಾರಿಗೂ ಇಲ್ಲ. ದೇವರು ಬಲ್ಲವರಿಗೇ ಶಿಲುಬೆ ಕೊಡುತ್ತಾನೆಂದು ಅವಳಿಗೆ ಸಮಾಧಾನ ಹೇಳುವುದೂ ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಬಹಳ ಬೇರೆಯಲ್ಲ. ಸಂತ ಮಾರ್ಕನ ಶುಭಸಂದೇಶದಲ್ಲಿ ಮೂರ್ಛೆರೋಗದ ಹುಡುಗನನ್ನು ತಂದೆಯು ಕರೆತಂದಾಗ ಯೇಸುಸ್ವಾಮಿ ಮೊದಲು ಕೇಳಿದ್ದು ಇವನಿಗೆ ಹೀಗಾಗಿ ಎಷ್ಟು ಕಾಲವಾಯಿತು ಎಂಬ ಪ್ರಶ್ನೆ. ತಂದೆಯು ಬಾಲ್ಯದಿಂದ ಎನ್ನುತ್ತಾನೆ. ಬೆಂಕಿಗೆ ಬಿದ್ದದ್ದನ್ನು, ನೀರಿಗೆ ಬಿದ್ದದ್ದನ್ನು ಹೇಳಿಕೊಳ್ಳುತ್ತಾನೆ. ನಮಗೆ ಸಹಾಯ ಮಾಡು ಎಂದು ಕೇಳುವಾಗ ಅವನು ಬಹುವಚನ ಬಳಸುತ್ತಾನೆ. ಅವನ ಮಾತು ಮುಗಿಯುವವರೆಗೆ ಗುಣಪಡಿಸುವ ಕಾರ್ಯ ಕಾದಿತು.

ನಮ್ಮ ನಗರಗಳಲ್ಲಿಯೂ ಇಂಥ ತಾಯಂದಿರಿಗೇನೂ ಕೊರತೆಯಿಲ್ಲ. 1957ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆಯ ಮಕ್ಕಳ ವಿಭಾಗದ ಹೊರಗೆ, 1845ರಲ್ಲಿ ಬ್ರಿಟಿಷರ ಕಾಲದಲ್ಲಿ ಹುಟ್ಟಿ 2009ರಲ್ಲಿ ಡಿಮ್ಹಾನ್ಸ್ ಎಂಬ ಹೆಸರು ಪಡೆದ ಧಾರವಾಡದ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ, ಗದಗ, ಹಾವೇರಿ, ಉತ್ತರ ಕನ್ನಡಗಳಿಂದ ಬೆಳಗಿನ ಬಸ್ಸಿಗೆ ಬಂದವರು ಚೀಟಿ ಹಿಡಿದು ಕುಳಿತಿರುತ್ತಾರೆ. ಮಡಿಲಲ್ಲಿ ಮಡಿಲಿಗೆ ಮೀರಿದ ವಯಸ್ಸಿನ ಮಕ್ಕಳಿರುತ್ತಾರೆ. ನಮ್ಮ ಧರ್ಮಕೇಂದ್ರದವರಿಗೆ ತಿಳಿದಿರಲೆಂದು ಎರಡು ಕಾನೂನುಗಳನ್ನು ಇಲ್ಲಿ ಹೇಳುತ್ತೇನೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಮೇರೆಗೆ, ಬುದ್ಧಿಮಾಂದ್ಯತೆ, ಆಟಿಸಂ, ಮೆದುಳಿನ ಪಾರ್ಶ್ವವಾಯು ಅಥವಾ ಬಹುಬಗೆಯ ವೈಕಲ್ಯವುಳ್ಳವರಿಗೆ ಹದಿನೆಂಟು ತುಂಬಿದ ಮೇಲೆಯೂ ಕಾನೂನಿನ ಪಾಲಕರನ್ನು ನೇಮಿಸಿಕೊಳ್ಳಬಹುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು, ಹೆಚ್ಚಿನ ಆಸರೆ ಬೇಕಾದವರ ಆರೈಕೆದಾರರಿಗೆ ಭತ್ಯೆ ಕೊಡುವ ಯೋಜನೆಗಳನ್ನು ಸರಕಾರಗಳು ರೂಪಿಸಬೇಕೆನ್ನುತ್ತದೆ. ಅರ್ಜಿ ಬರೆಯುವುದು, ಕಚೇರಿಗೆ ಅಲೆಯುವುದು ಇವೆಲ್ಲ ಮಗುವನ್ನು ಬಿಟ್ಟು ಹೋಗಲಾರದವಳಿಂದ ಆಗದ ಕೆಲಸಗಳು. ಬೇರೆಯವರು ಮಾಡಿಕೊಡಬಹುದಾದ ಕೆಲಸಗಳು. ಒಂದು ಭಾನುವಾರ ಅವಳ ಮನೆಯಲ್ಲಿ ಎರಡು ಗಂಟೆ ಕುಳಿತು ಅವಳನ್ನು ಪೂಜೆಗೆ ಕಳುಹಿಸುವುದೂ ಹಾಗೆಯೇ.

ಸಿಂಪಡಣೆಯ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಈಗ ಮೂವತ್ತು, ನಲವತ್ತು. ತಾಯಂದಿರಿಗೆ ಅರುವತ್ತು, ಎಪ್ಪತ್ತು. ನನ್ನ ನಂತರ ಇವನನ್ನು ನೋಡುವವರು ಯಾರು ಎಂಬುದು ಈಗ ಆ ಊರುಗಳಿಗೆ ಹೋದವರೆಲ್ಲರಿಗೂ ಕೇಳಿಬರುವ ಮಾತು. ಶಾಪವೋ ವಿಷವೋ ಎಂಬ ಹಳೆಯ ಪ್ರಶ್ನೆಯನ್ನು ಅವರು ಎಂದೋ ಬಿಟ್ಟಿದ್ದಾರೆ. ತನಗಿಂತ ಒಂದು ದಿನ ಮೊದಲು ಮಗು ಹೋಗಲಿ ಎಂದು ಪ್ರಾರ್ಥಿಸುವ ತಾಯಂದಿರಿದ್ದಾರೆ. ಪ್ರಾರ್ಥಿಸಿದ ಮೇಲೆ ಅದಕ್ಕಾಗಿ ಅಳುವವರೂ ಅವರೇ. ಕಾಸರಗೋಡಿನ ಮುಳಿಯಾರಿನಲ್ಲಿ ಇಂಥವರಿಗಾಗಿ ಸರಕಾರವು ಪುನರ್ವಸತಿ ಗ್ರಾಮವೊಂದರ ಕೆಲಸವನ್ನು ಆರಂಭಿಸಿದೆ. ಕೊಕ್ಕಡದ ಕಡೆಯವರು ಶಾಶ್ವತ ಪುನರ್ವಸತಿ ಕೇಂದ್ರಕ್ಕಾಗಿ ವರ್ಷಗಟ್ಟಲೆ ಬೇಡಿಕೆಯಿಟ್ಟವರು. ಪಾಲನಾ ಕೇಂದ್ರ ಎಂಥದೇ ಇರಲಿ, ಅದು ಹಗಲಿನದು. ಸಂಜೆಯಾದ ಮೇಲೆ ನಲವತ್ತರ ಮಗನನ್ನು ಎಪ್ಪತ್ತರ ತಾಯಿಯೇ ಎತ್ತಿ ಒಳಗೆ ಮಲಗಿಸುತ್ತಾಳೆ.